ಬಿದಿರ ಪಟ್ಟಿಯಿಂದ ಹೆರೆದ ಹೆಸರು

ಚೀನಾ ದೇಶವು ಇನ್ನೂ ನೂರಾರು ಸಣ್ಣ ಸಂಸ್ಥಾನಗಳಾಗಿ ಹಂಚಿಹೋಗಿದ್ದ ಪುರಾತನ ಕಾಲದಲ್ಲಿ, ಹಳದಿ ನದಿಯ ಒಂದು ಉಪನದಿಯ ದಡದಲ್ಲಿ ಶುಹೆ ಎಂಬ ಪುಟ್ಟ ನಾಡಿತ್ತು. ಅದನ್ನು ಮೂವತ್ತೊಂದು ವರ್ಷ ಆಳಿದ ಪುಣ್ಯಪುರುಷರು ಅರಮನೆಯ ಹಿತ್ತಿಲ ಹುಲ್ಲುಮಾಡಿನ ಕೋಣೆಯಲ್ಲಿ, ಜೊಂಡಿನ ಚಾಪೆಯ ಮೇಲೆ ಮಲಗುತ್ತಿದ್ದರು. ಊಟಕ್ಕೆ ನವಣೆಯ ಗಂಜಿ. ನ್ಯಾಯ ಕೇಳಿ ಬಂದವರ ಮಾತು ಮುಗಿಯುವವರೆಗೆ ಬಟ್ಟಲು ಮುಟ್ಟುತ್ತಿರಲಿಲ್ಲವಾದ್ದರಿಂದ, ಅವರು ಬಿಸಿ ಗಂಜಿ ಕುಡಿದ ದಿನಗಳು ಬಹಳ ಕಡಿಮೆ. ಆ ನಾಡಿನಲ್ಲಿ ಪಟ್ಟವೇರಿದ ದೊರೆಯ ಹುಟ್ಟುಹೆಸರನ್ನು ಯಾರೂ ಬಾಯಲ್ಲಿ ಆಡುವಂತಿರಲಿಲ್ಲ. ನಾವೂ ಸದ್ಯಕ್ಕೆ ಅವರನ್ನು ಪ್ರಭುಗಳು ಎಂದೇ ಕರೆಯೋಣ.

ಅದೇ ಊರಿನಲ್ಲಿ ಗೆನ್ ಎಂಬ ಕಂಚುಗಾರನಿದ್ದನು. ಗಂಟೆಗಳ ಎರಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಪ್ರಭುಗಳ ಗಂಜಿ, ಚಾಪೆಗಳ ಮಾತು ಬಂದಾಗ ಅವನು ಮೂಗು ಮುರಿಯುತ್ತಿದ್ದನು. ದೊಡ್ಡವರ ಸರಳತನವೆಲ್ಲ ಊರಿಗೆ ತೋರಿಸಲಿಕ್ಕೆ ಎಂಬುದು ಅವನ ಎಣಿಕೆ.

ಅರವತ್ತೆಂಟನೆಯ ವಯಸ್ಸಿನಲ್ಲಿ ಪ್ರಭುಗಳು ಹಾಸಿಗೆ ಹಿಡಿದರು. ವೈದ್ಯರು ಕೈಚೆಲ್ಲಿದರು. ಆಗ ಮಂತ್ರಿಯು ಗೆನ್‌ನ ಕುಲುಮೆಗೆ ಒಂದು ದೊಡ್ಡ ಗಂಟೆಯ ಕೆಲಸವನ್ನೂ, ಅದರ ಮೇಲೆ ಕೆತ್ತಬೇಕಾದ ಹನ್ನೆರಡು ಹೆಸರುಗಳನ್ನೂ ಕಳುಹಿಸಿದನು. ದೊರೆ ತೀರಿಕೊಂಡರೆ ಅವರ ಗಂಟೆಗಳನ್ನು ಗೋರಿಯಲ್ಲಿಡುವುದು, ಅವನ್ನು ನುಡಿಸುವವರನ್ನೂ ಜೀವಸಹಿತ ಜೊತೆಗೇ ಹೂಳುವುದು ಅಲ್ಲಿನ ಪದ್ಧತಿ. ಆ ಹನ್ನೆರಡು ಹೆಸರುಗಳೂ ಗಂಟೆ ನುಡಿಸುವವರವು. ಐದನೆಯ ಹೆಸರು ಲಾನ್. ಅವಳು ಗೆನ್‌ನ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷದವಳು.

ಗಂಟೆಯ ಎರಕದ ಅಚ್ಚಿನಲ್ಲಿ ಹೆಸರುಗಳು ಬರುವ ಮಣ್ಣಿನ ತುಂಡಿನ ಮೇಲೆ ಗೆನ್ ನಾಲ್ಕು ಹೆಸರು ಕೆತ್ತಿದನು. ಐದನೆಯದಕ್ಕೆ ಕೈ ಏಳಲಿಲ್ಲ. ಎರಡು ದಿನ ಆ ಹಸಿ ಅಚ್ಚನ್ನು ನೋಡುತ್ತ ಕುಳಿತನು. ಮೂರನೆಯ ದಿನ ಬೆಳಿಗ್ಗೆ ಅದನ್ನೇ ತಲೆಯ ಮೇಲೆ ಹೊತ್ತುಕೊಂಡು ಅರಮನೆಗೆ ನಡೆದನು. ಹೇಗೂ ಮಗಳು ಉಳಿಯಳು, ತನ್ನ ತಲೆ ಹೋದರೂ ಚಿಂತೆಯಿಲ್ಲ, ಸಾಯುವ ಮುನ್ನ ಆ ಮುದುಕನ ಮುಖವಾಡವನ್ನಾದರೂ ಕಳಚಬೇಕು ಎಂದು ನಿಶ್ಚಯಿಸಿದ್ದನು.

ಪ್ರಭುಗಳ ಬಾಗಿಲಿಗೆ ಎಂದೂ ಕಾವಲಿರಲಿಲ್ಲ. ಗೆನ್ ಒಳಗೆ ಹೋಗಿ ಅಚ್ಚನ್ನು ಚಾಪೆಯ ಪಕ್ಕದಲ್ಲಿ ಇಳಿಸಿದನು. ಬೈಯಲೆಂದು ಬಂದವನಿಗೆ ಬಂದದ್ದು ಇಷ್ಟೇ ಮಾತು:

"ಪ್ರಭು, ಐದನೇ ಹೆಸರು ನನ್ನ ಮಗಳದ್ದು. ನನ್ನ ಕೈಯಾರೆ ಕೆತ್ತಬೇಕಂತೆ."

ಪ್ರಭುಗಳು ಅಚ್ಚನ್ನು ಬೆರಳಿಂದ ತಡವಿ, ನಾಲ್ಕೂ ಹೆಸರುಗಳನ್ನು ಓದಿದರು. ಅವರ ಮುಖ ಬಿಳಿಚಿತು. ತಮ್ಮ ಜೊತೆ ಯಾರನ್ನೂ ಹೂಳಕೂಡದೆಂದು ಅವರು ಹತ್ತು ವರ್ಷದ ಹಿಂದೆಯೇ ಆಜ್ಞೆ ಮಾಡಿದ್ದರು. ಅದು ನಡೆಯುತ್ತದೆಂದು ನಂಬಿಯೂ ಇದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಆ ಸಾತ್ವಿಕರಿಗೆ ಹೊಳೆದಿರಲಿಲ್ಲ.

ಮಂತ್ರಿಯನ್ನು ಕರೆಸಿ ಕೇಳಿದಾಗ ಅವನು ಸುಳ್ಳಾಡಲಿಲ್ಲ. ಪ್ರಭುಗಳು ಇರುವತನಕ ಅವರ ಆಜ್ಞೆ, ಕಣ್ಣು ಮುಚ್ಚಿದ ಮೇಲೆ ಹಿರಿಯರ ಪದ್ಧತಿ, ಅದನ್ನು ಮುರಿಯಲು ತನಗೆ ಅಧಿಕಾರವಿಲ್ಲ ಎಂದು ತಲೆ ತಗ್ಗಿಸಿ ಹೇಳಿದನು.

"ಈ ಪದ್ಧತಿ ಯಾರಿಗೆ?"

"ದೊರೆಗೆ."

"ಹಾಗಾದರೆ ದೊರೆಯಾಗಿ ಸಾಯುವುದು ಬೇಡ" ಎಂದರು ಪ್ರಭುಗಳು.

ತಮ್ಮನ್ನು ಪೂರ್ವಿಕರ ಗುಡಿಗೆ ಕರೆದೊಯ್ಯಬೇಕೆಂದರು. ನಡೆಯುವ ಶಕ್ತಿಯಿರಲಿಲ್ಲ. ಚಾಪೆಯ ಸಮೇತ ಎತ್ತಬೇಕಾಯಿತು. ತಲೆಯ ಕಡೆಯ ಅಂಚನ್ನು ಹಿಡಿದವನು ಗೆನ್. ಆ ದೇಹ ಎಷ್ಟು ಹಗುರವಾಗಿತ್ತೆಂದರೆ, ಮೂವತ್ತೊಂದು ವರ್ಷದ ಆ ಗಂಜಿ ತೋರಿಕೆಯದಲ್ಲವೆಂದು ಅವನ ಕೈಗಳಿಗೆ ತಿಳಿಯಿತು. ಅವನಿಗೆ ನಾಚಿಕೆಯಾಯಿತು.

ಗುಡಿಯಲ್ಲಿ ಹದಿನಾಲ್ಕು ತಲೆಮಾರಿನ ದೊರೆಗಳ ಹೆಸರುಗಳನ್ನು ಬಿದಿರ ಪಟ್ಟಿಗಳ ಮೇಲೆ ಬರೆದು ಸಾಲಾಗಿ ಕಟ್ಟಿದ್ದರು. ಪ್ರಭುಗಳು ರಾಜಮುದ್ರೆಯನ್ನು ತಮ್ಮನ ಮಗನ ಕೈಗಿತ್ತರು. ತಮ್ಮ ಹೆಸರಿದ್ದ ಕೊನೆಯ ಪಟ್ಟಿಯನ್ನು ಬಿಚ್ಚಿಸಿ ತೊಡೆಯ ಮೇಲಿಟ್ಟುಕೊಂಡು, ಲಿಪಿಕಾರನ ಚಾಕುವನ್ನು ಕೇಳಿ ಪಡೆದರು. ಹಿರಿಯರ ಎದುರಿನಲ್ಲಿ ಹೆರೆದ ಹೆಸರನ್ನು ಮತ್ತೆ ಬರೆಯುವವರಿಲ್ಲ, ಆ ಹೆಸರಿನವರು ದೊರೆಗಳ ಲೆಕ್ಕಕ್ಕೂ ಸೇರುವುದಿಲ್ಲ.

ಮಂತ್ರಿಯು ಅವರ ಕಾಲು ಹಿಡಿದುಕೊಂಡನು. ಅವನೂ ಕೆಟ್ಟವನಲ್ಲ, ಪ್ರಭುಗಳ ಆಳ್ವಿಕೆಗೆ ತಕ್ಕ ಮರಣಾನಂತರದ ಬಿರುದೊಂದನ್ನು ಆಗಲೇ ಹುಡುಕಿಟ್ಟಿದ್ದನು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಬಿರುದಿಲ್ಲ, ಗುಡಿಯಲ್ಲಿ ಎಡೆಯಿಲ್ಲ, ಅನ್ನ ಇಡುವ ಮಕ್ಕಳೂ ಪ್ರಭುಗಳಿಗಿಲ್ಲ, ಎಂದೆಂದಿಗೂ ಹಸಿದ ಪ್ರೇತವಾಗಿ ಅಲೆಯಬೇಕಾದೀತು ಎಂದು ಅವನು ಅತ್ತನು.

"ಹನ್ನೆರಡು ಜನ ಉಣ್ಣಲಿ" ಎಂದರು ಪ್ರಭುಗಳು. "ಒಬ್ಬ ಮುದುಕ ಹಸಿದಿದ್ದರೆ ಏನಂತೆ?"

ಹೆಸರನ್ನು ತಾವೇ ಹೆರೆದರು. ಬಿದಿರಿನ ಪುಡಿ ಅವರ ಮಡಿಲಿಗೆ ಉದುರಿತು. ಆಮೇಲೆ ಗೆನ್‌ನ ಕಡೆ ತಿರುಗಿ ನಕ್ಕರು. "ಇನ್ನು ನನ್ನನ್ನು ಹೆಸರು ಹಿಡಿದು ಕರೆಯಬಹುದಪ್ಪಾ. ನನ್ನ ಹೆಸರು ಯುನ್." ಗೆನ್‌ನ ಬಾಯಿಂದ ಆ ಹೆಸರು ಹೊರಡಲಿಲ್ಲ. ಹಣೆಯನ್ನು ನೆಲಕ್ಕೆ ಹಚ್ಚಿದನು.

ನಾಲ್ಕು ದಿನಗಳ ನಂತರ ಯುನ್ ಎಂಬ ಮುದುಕರು ತೀರಿಕೊಂಡರು. ಊರಾಚೆ, ಬಡವರನ್ನು ಹೂಳುವ ದಿಬ್ಬದಲ್ಲಿ, ಒಂದು ಹಲಗೆಯ ಪೆಟ್ಟಿಗೆಯಲ್ಲಿ ಅವರನ್ನು ಮಣ್ಣು ಮಾಡಿದರು. ಹನ್ನೆರಡು ಜನ ವಾದ್ಯಗಾರರೂ ಅಳುತ್ತ ಹಿಂದೆ ನಡೆದುಹೋದರು, ಅಳುತ್ತಲೇ ಮನೆಗೆ ಮರಳಿದರು.

ಚಳಿಗಾಲದ ಪಿತೃಪೂಜೆ ಬಂತು. ಗೆನ್ ಒಂದು ಮರದ ಫಲಕವನ್ನು ನಯ ಮಾಡಿದನು. ಮಗಳ ಹೆಸರು ಕೆತ್ತಲು ಏಳದಿದ್ದ ಕೈಯಿಂದಲೇ ಅದರ ಮೇಲೆ ಯುನ್ ಎಂದು ಕೆತ್ತಿ, ತನ್ನ ಅಪ್ಪ, ಅಜ್ಜಂದಿರ ಫಲಕಗಳ ಸಾಲಿನಲ್ಲಿ ಇಟ್ಟನು. ಬೇರೆ ಕುಲದವರಿಗೆ ಎಡೆಯಿಡುವುದು ಅಲ್ಲಿ ದೊಡ್ಡ ತಪ್ಪು. ದಾಯಾದಿಗಳು ಗದರಿದರು, ಈ ಮನುಷ್ಯ ನಮಗೆ ಏನಾಗಬೇಕು ಎಂದು ಕೇಳಿದರು.

"ಲಾನಳಿಗೆ ಜೀವ ಕೊಟ್ಟವರು" ಎಂದನು ಗೆನ್. "ಅಂಥವರನ್ನು ನೀವು ಏನೆಂದು ಕರೆಯುತ್ತೀರಿ?"

ಆ ಚಳಿಗಾಲ ಶುಹೆಯ ಇನ್ನೂ ಹನ್ನೊಂದು ಮನೆಗಳಲ್ಲಿ ಅದೇ ಹೆಸರಿನ ಫಲಕವಿತ್ತೆಂದು ಹಿರಿಯರು ಹೇಳುತ್ತಾರೆ. ಗೆನ್‌ನ ಮನೆಯಲ್ಲಿ ನವಣೆಯ ಗಂಜಿಯನ್ನು ಒಲೆಯಿಂದ ಇಳಿಸಿದ್ದೇ ತಡ, ಲಾನ್ ಬಟ್ಟಲಿಗೆ ಬಗ್ಗಿಸಿ ಎಲ್ಲರಿಗಿಂತ ಮೊದಲು ಆ ಫಲಕದ ಮುಂದೆ ಇಟ್ಟಳು, ಆರುವ ಮುಂಚೆ ಅವರು ಕುಡಿಯಲೆಂದು.