ಗೋಡೆಗೆ ಮುಖ ಮಾಡಿದ ಪಟ

ಹೂಂ ಅನ್ನುತ್ತಿರಿ. ನೀವು ಹೂಂ ಅಂದರೆ ಕತೆ ನಡೆಯುತ್ತದೆ, ಸುಮ್ಮನಾದರೆ ಅದೂ ಸುಮ್ಮನೆ ಕೂತುಬಿಡುತ್ತದೆ.

ಒಂದೂರಲ್ಲಿ ದುಂಡಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಗುರುಮಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಚಿಕ್ಕವನಿದ್ದಾಗ ಅವ್ವ ಅಂಗಳದಲ್ಲಿ ರಾಗಿ ಹರವಿ, "ನೋಡ್ತಾ ಕೂತಿರು" ಅಂದು ನೀರಿಗೆ ಹೋದಳು. ಬಂದು ನೋಡಿದರೆ ರಾಗಿಯೇ ಇಲ್ಲ!

"ರಾಗಿ ಎಲ್ಲೋ?"

"ಕೋಳಿಗಳು ಬಂದ್ವು, ತಿಂದ್ವು, ಹೋದ್ವು. ಕಣ್ಣು ಮಿಟುಕಿಸದೆ ನೋಡ್ದೆ ಕಣವ್ವ!"

ದುಂಡಮ್ಮ ಹಣೆ ಚಚ್ಚಿಕೊಂಡಳು. ಆದರೆ ಪುಸ್ತಕ ಕೊಟ್ಟರೆ ಸಾಕು, ರಟ್ಟಿನಿಂದ ರಟ್ಟಿನವರೆಗೆ ಬಾಯಿಪಾಠ ಮಾಡಿಬಿಡುತ್ತಿದ್ದ. ಹಾಗೆಯೇ ಊರ ಶಾಲೆಗೆ ಮೇಷ್ಟ್ರೂ ಆದ.

ಅವನ ಕ್ಲಾಸಿನಲ್ಲಿ ಬೊಮ್ಮಿ ಅಂತ ಒಂದು ಹುಡುಗಿ. ಸ್ಲೇಟನ್ನು ಮೂಗಿಗೆ ತಾಗಿಸಿ ಬರೆಯುವಳು. ಬೋರ್ಡಿನ ಮೇಲೆ ಇರುವುದೊಂದು, ಇವಳು ಬರೆಯುವುದೊಂದು. ಸಂಜೆ ದುಂಡಮ್ಮನ ಜಗಲಿಗೆ ಬಂದು ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳುವಳು. ಒಂದು ದಿನ ಅವಳಪ್ಪ ಬಂದು, "ಇವಳಿಗೆ ಓದು ಹತ್ತೋದಿಲ್ಲ ಕಣಮ್ಮ. ಹುಣ್ಣಿಮೆ ಕಳೀಲಿ, ಶಾಲೆ ಬಿಡಿಸಿ ಆಡು ಮೇಯಿಸೋಕೆ ಹಾಕ್ತೀನಿ" ಅಂದ. ಬೊಮ್ಮಿ ದುಂಡಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅದೇ ವಾರ ಪಟ್ಟಣದ ಕಣ್ಣಿನ ಡಾಕ್ಟರಮ್ಮ ಮೇಷ್ಟ್ರುಗಳನ್ನೆಲ್ಲ ಕರೆಸಿ ತರಬೇತಿ ಕೊಟ್ಟಳು. "ಕಣ್ಣು ಮಂಜಾದ ಮಗೂನ ದಡ್ಡ ಮಗು ಅಂದ್ಕೋತೀವಿ. ಅಂಥ ಮಕ್ಕಳನ್ನ ಹುಡುಕಿ ನನ್ನ ಹತ್ರ ಕಳಿಸಿ" ಅಂದಳು. ಒಬ್ಬೊಬ್ಬರಿಗೂ ಒಂದೊಂದು ಪಟ ಕೊಟ್ಟಳು. ಪಟದ ತುಂಬ ಇಂಗ್ಲಿಷಿನ E ಅಕ್ಷರದ ಹಾಗೆ ಮೂರು ಕಾಲಿನ ಗುರುತುಗಳು, ಒಂದೊಂದೂ ಒಂದೊಂದು ಕಡೆ ತಿರುಗಿ, ಬರಬರುತ್ತಾ ಚಿಕ್ಕವಾಗುತ್ತಾ. ಒಂದು ಕಣ್ಣು ಮುಚ್ಚಿ ದೂರ ನಿಂತ ಮಗು, ಕಾಲು ಯಾವ ಕಡೆಗಿದೆ ಅಂತ ಹೇಳಬೇಕು. "ಪಟಾನ ಚೆನ್ನಾಗಿ ಬೆಳಕು ಬೀಳೋ ಕಡೆ ಹಾಕಿ."

ಗುರುಮಲ್ಲ ಊರಿಗೆ ಬಂದ. ಎಲ್ಲಕ್ಕಿಂತ ಚೆನ್ನಾಗಿ ಬೆಳಕು ಬೀಳುವುದು ಎಲ್ಲಿ? ಬಾವುಟದ ಕಂಬದ ತುದಿಗೆ! ಹಗ್ಗ ಕಟ್ಟಿ ಪಟ ಏರಿಸಿದ. ಮಕ್ಕಳು ಸಾಲಾಗಿ ನಿಂತು ಪಟಕ್ಕೆ ಸಲ್ಯೂಟ್ ಹೊಡೆದರು. ದುಂಡಮ್ಮ ಓಡಿ ಬಂದಳು.

"ಅಯ್ಯೋ ನನ್ನ ಮಗನೆ! ಗಾಳಿಗೆ ಹಾರಾಡೋದನ್ನ ಯಾರು ಓದ್ತಾರೋ? ಇಳಿಸಿ ಗೋಡೆಗೆ ಹಾಕು! ಒಟ್ಟಿಗೆ ನಿಲ್ಲಿಸ್ಬೇಡ, ಒಂದೊಂದೇ ಮಗೂನ ಕರಿ!"

"ಆಗಲಿ ಕಣವ್ವ."

ಅಷ್ಟರಲ್ಲಿ ಬಿಸಿಯೂಟದ ಹೊತ್ತಾಯಿತು. ಗುರುಮಲ್ಲ ಒಂದೊಂದೇ ಮಗುವನ್ನು ಕರೆದ. ಒಂದು ಉಂಡು ಕೈ ತೊಳೆದ ಮೇಲೆ ಇನ್ನೊಂದು. ಸಾರು ಆರಿತು, ಹೊತ್ತು ಇಳಿಯಿತು. ಕೊನೆಯ ಮಗು ತಟ್ಟೆ ತಬ್ಬಿಕೊಂಡು ನಿದ್ದೆ ಹೋಗಿತ್ತು.

"ಥೂ ಪೆದ್ದೆ! ಎಲ್ಲರನ್ನೂ ಒಟ್ಟಿಗೆ ಕೂರಿಸ್ಬೇಕು! ಹಿಂದೆ ಉಳಿದೋರಿಗೆ ನೀನೇ ಕೈಯಾರೆ ಕೊಡ್ಬೇಕು!"

"ಆಗಲಿ ಕಣವ್ವ."

ಮಾರನೆಯ ದಿನ ಪಟ ಗೋಡೆಗೆ ಬಂತು. ಮಕ್ಕಳೆಲ್ಲ ಒಟ್ಟಿಗೆ ಕೂತರು. ಗುರುಮಲ್ಲ ಕೋಲು ತೋರಿಸಿ ಹೇಳಿದ, ಮಕ್ಕಳು ರಾಗವಾಗಿ ಹೇಳಿದರು: "ಮೇಲೇ... ಕೆಳಗೇ... ಬಲಕ್ಕೇ... ಎಡಕ್ಕೇ..." ಹಿಂದೆ ಉಳಿದವರಿಗೆ ತಾನೇ ಹೇಳಿಕೊಟ್ಟ. ಮಧ್ಯಾಹ್ನದ ಬಿಸಿಲಲ್ಲಿ ಆ ರಾಗ ಜೋಗುಳದ ಹಾಗೆ ಊರ ಮೇಲೆಲ್ಲ ತೇಲಿತು. ಸಂಜೆಗೆ ಎಲ್ಲರಿಗೂ ಬಾಯಿಪಾಠ.

"ಅವ್ವಾ, ನಮ್ಮ ಶಾಲೇಲಿ ಒಂದು ಕಣ್ಣೂ ಕೆಟ್ಟಿಲ್ಲ!"

"ಬೊಮ್ಮೀದು?"

"ಅವಳೇ ಮೊದಲು ಒಪ್ಪಿಸಿದ್ದು!"

ದುಂಡಮ್ಮ ಕುಸಿದು ಕೂತಳು. ಹುಣ್ಣಿಮೆ ಹತ್ತಿರ ಬಂದಿತ್ತು. "ಕಣ್ಣು ನೋಡು ಅಂದ್ರೆ ಪಾಠ ಕಲಿಸಿದೆಯೇನೋ! ಮಕ್ಕಳು ಮೊದಲೇ ನೋಡ್ಬಾರ್ದು ಕಣೋ. ಪಟಾನ ಗೋಡೆಗೆ ಮುಖ ಮಾಡಿ ಹಾಕು. ಆಮೇಲೆ ಒಂದೊಂದೇ ಮಗೂನ ಕರಿ. ನಾಳೆ ನಾನೂ ಬರ್ತೀನಿ!"

"ಆಗಲಿ ಕಣವ್ವ."

ಮಾರನೆಯ ದಿನ ಅವ್ವ ಬಾಗಿಲಲ್ಲಿ ಕೂತಳು. ಮಗ ಪಟವನ್ನು ಗೋಡೆಗೆ ಮುಖ ಮಾಡಿ ಹಾಕಿದ. ಮಗುವನ್ನು ಕರೆದ. ಪಟ ಹಾಗೇ ಇತ್ತು!

"ಸಾ, ಏನೂ ಇಲ್ಲ ಸಾ! ಬರೀ ಬಿಳೀ ಕಾಗದ!"

ಇನ್ನೊಂದು ಮಗು ಬಂತು. "ಇದು ಪಟದ ಬೆನ್ನು ಸಾ!" ಮಕ್ಕಳು ಬಿದ್ದು ಬಿದ್ದು ನಕ್ಕರು. ದುಂಡಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಬೊಮ್ಮಿ ಬಂದಳು. ಅಂಗೈಯಿಂದ ಒಂದು ಕಣ್ಣು ಮುಚ್ಚಿದಳು. ಬಿಳಿ ಕಾಗದದ ಕಡೆ ಮುಖ ಮಾಡಿ ಮೆಲ್ಲಗೆ ಹೇಳತೊಡಗಿದಳು: "ಮೇಲೆ... ಕೆಳಗೆ... ಬಲಕ್ಕೆ... ಎಡಕ್ಕೆ..." ಒಂದೂ ತಪ್ಪಿಲ್ಲ. ನಗುತ್ತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶಭಾಷ್! ಇವಳೊಬ್ಬಳೇ ಪಾಸು!" ಅಂದ ಗುರುಮಲ್ಲ. "ಮಿಕ್ಕೋರೆಲ್ಲ ನಡೀರಿ ಡಾಕ್ಟರಮ್ಮನ ಹತ್ರ!"

ದುಂಡಮ್ಮ ಎದ್ದು ಬಂದು ಬೊಮ್ಮಿಯ ಗಲ್ಲ ಹಿಡಿದಳು. "ಅಲ್ಲಿ ಏನು ಕಾಣ್ತದೆ ಮಗಾ?"

"ಬೆಳ್ಳಗೆ ಕಾಣ್ತದೆ ಅಜ್ಜಿ. ಯಾವಾಗ್ಲೂ ಹಂಗೇ ತಾನೆ?"

"ಇವಳನ್ನ ಕರ್ಕೊಂಡು ಹೋಗೋ ನನ್ನಪ್ಪಾ! ಇವಳನ್ನ!"

ಹೋದರು. ಅವ್ವ ಮಗ ಸೇರಿ ಬೊಮ್ಮಿಯ ಅಪ್ಪನನ್ನೂ ಎಳೆದುಕೊಂಡು ಹೋದರು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಕನ್ನಡಕ ತರಿಸಿ ಹಾಕಿದಳು. ಬೊಮ್ಮಿ ತುಂಬ ಹೊತ್ತು ಅಪ್ಪನನ್ನೇ ನೋಡಿದಳು. "ಅಪ್ಪಾ, ನಿನ್ನ ಮೀಸೆ ಬೆಳ್ಳಗಾಗಿದೆ!"

ಅಪ್ಪ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡ. "ಆಡು ಮೇಯಿಸೋಕೆ ನಾನೇ ಹೋಗ್ತೀನಿ ಮೇಷ್ಟ್ರೇ. ಇವಳು ಓದ್ಲಿ."

ಡಾಕ್ಟರಮ್ಮ ಗುರುಮಲ್ಲನಿಗೆ ಹೇಳಿದಳು: "ಈ ಮಗು ಏನು ನೋಡಬೇಕಾದ್ರೂ ಕನ್ನಡಕ ಹಾಕಿರಬೇಕು. ಜವಾಬ್ದಾರಿ ನಿಮ್ಮದು."

"ಆಗಲಿ ಕಣಮ್ಮ."

ವಾಪಸು ಬರುವ ಬಸ್ಸಿನಲ್ಲಿ ಬೊಮ್ಮಿ ಕಿಟಕಿ ಬಿಡಲಿಲ್ಲ. "ಅಜ್ಜೀ, ಹುಣಸೆ ಮರದ ಎಲೆ ಎಲ್ಲಾ ಬೇರೆ ಬೇರೆ ಇವೆ! ಆ ಹಕ್ಕಿಗೆ ಕಾಲಿದೆ!" ನೋಡಿ ನೋಡಿ ದಣಿದು ದುಂಡಮ್ಮನ ತೊಡೆಯ ಮೇಲೆ ಮಲಗಿಬಿಟ್ಟಳು. ದುಂಡಮ್ಮ ಕನ್ನಡಕ ಬಿಚ್ಚಿ, ಸೆರಗಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು ತಾನೂ ತೂಕಡಿಸಿದಳು.

ಕಣ್ಣು ಬಿಟ್ಟರೆ ಗುರುಮಲ್ಲ ಬಗ್ಗಿ, ಉಸಿರು ಬಿಗಿಹಿಡಿದು, ನಿದ್ದೆಯಲ್ಲಿದ್ದ ಹುಡುಗಿಯ ಮೂಗಿಗೆ ಕನ್ನಡಕ ಏರಿಸುತ್ತಿದ್ದಾನೆ!

"ಲೋ ಪೆದ್ದೇ! ಮಲಗಿರೋ ಮಗೂಗೆ ಯಾಕೋ ಕನ್ನಡಕ?"

"ಮೆಲ್ಲಗೆ ಅವ್ವ! ಕನಸು ಬಿದ್ರೆ? ಇಷ್ಟು ದಿನ ಅದೂ ಮಂಜುಮಂಜಾಗೇ ಬೀಳ್ತಿತ್ತೇನೋ, ಪಾಪ."

ದುಂಡಮ್ಮ ಬೈಯಲು ಬಾಯಿ ತೆರೆದಳು. ಕನ್ನಡಕದ ಒಳಗೆ, ಮುಚ್ಚಿದ ರೆಪ್ಪೆಯ ಕೆಳಗೆ ಬೊಮ್ಮಿಯ ಕಣ್ಣುಗಳು ಅತ್ತಿತ್ತ ಆಡುತ್ತಿದ್ದವು. ತುಟಿಯಲ್ಲಿ ನಗು.

"ಬಿಚ್ಚಲೇನವ್ವ?"

"ಇರಲಿ ಬಿಡು," ಅಂದಳು ದುಂಡಮ್ಮ. "ಕನಸು ಮುಗೀಲಿ."