ಬೀಗ ಹಾಕಿದ ಕ್ಯಾರಿಯರ್

ಒಂದೂರಿನ ಹಾಲಿನ ಡೇರಿಯಲ್ಲಿ ದನಗಳ ಕಾಯಿಲೆ, ಮದ್ದು, ಲಸಿಕೆ ಎಲ್ಲ ಬರೆದ ಪುಸ್ತಕವೊಂದು ಕಿಟಕಿಗೆ ದಾರದಲ್ಲಿ ತೂಗುತ್ತಿತ್ತು. ಯಾರು ಬೇಕಾದರೂ ಬಂದು ನೋಡಬಹುದಿತ್ತು. ಒಂದು ದಿನ ಪಟ್ಟಣದ ಕಂಪ್ಯೂಟರ್ ಕಂಪನಿಯ ಸಾಹೇಬರೊಬ್ಬರು ಕರಾರು ಹಿಡಿದು ಬಂದರು.

"ಇದೆಲ್ಲ ನಮ್ಮ ಕಂಪ್ಯೂಟರಿಗೆ ಹೋಗಲಿ. ಪುಸ್ತಕ ಒಲೆಗೆ ಹಾಕಿ. ನೋಡಬೇಕಾದರೆ ಅರ್ಜಿ ಕೊಡಿ, ನಾವು ತೆಗೆದು ತೋರಿಸ್ತೀವಿ."

ಡೇರಿಯ ಅಧ್ಯಕ್ಷ ಚೆನ್ನವೀರಪ್ಪ ಸಹಿಗೆ ಪೆನ್ನು ತೆಗೆದರು. ಕರಾರನ್ನು ಹಿಂದಿನ ದಿನವೇ ಓದಿದ್ದ ಡೇರಿಯ ಗುಮಾಸ್ತೆಗೆ ಒಂದೇ ಸಂಕಟ: ಹೊಟ್ಟೆ ಉಬ್ಬರಿಸಿದ ಹಸು ಅರ್ಜಿ ಮಂಜೂರಾಗುವವರೆಗೆ ಕಾಯುತ್ತದೆಯೇ?

"ಮೊದಲು ಊಟ ಆಗಲಿ" ಎಂದಳು. ಬಂದವರಿಗೆ ಅವಳೇ ಬುತ್ತಿ ತರುವುದು ಅಲ್ಲಿನ ರೂಢಿ. ಕ್ಯಾರಿಯರ್ ತಂದಿಟ್ಟಳು. ಅದಕ್ಕೊಂದು ಬೀಗ.

"ಕೀಲಿ ಎಲ್ಲಿದೆಯಮ್ಮ?" ಸಾಹೇಬರು ಕೇಳಿದರು.

"ಪಾತ್ರೆ ಅಂಗಡಿಯವರ ಹತ್ತಿರ ಸಾರ್. ಅರ್ಜಿ ಕೊಟ್ಟರೆ ಗುರುವಾರ ಬಂದು ತೆಗೀತಾರೆ."

"ಊಟ ಯಾರದು?"

"ನಿಮ್ಮದೇ."

"ನನ್ನ ಊಟಕ್ಕೆ ಅವನ ಅಪ್ಪಣೆ ಯಾಕ್ರೀ?" ಸಾಹೇಬರು ಮೇಜು ಗುದ್ದಿದರು.

ಚೆನ್ನವೀರಪ್ಪ ಪೆನ್ನಿನ ಮುಚ್ಚಳ ಹಾಕಿದರು. "ಸರಿಯಾಗಿ ಹೇಳಿದಿರಿ ಸ್ವಾಮಿ. ಅದನ್ನೇ ಕರಾರಿನಲ್ಲಿ ಬರೀರಿ. ಎಲ್ಲರೂ ನೋಡಬಹುದು, ಯಾರ ಅಪ್ಪಣೆಯೂ ಬೇಡ. ನಾಳೆ ನೀವು ಹೋದರೂ ಮಾಹಿತಿಯೆಲ್ಲ ನಮ್ಮಲ್ಲೇ ಇರುತ್ತೆ ಅಂತ."

ಕ್ಯಾರಿಯರಿನಿಂದ ಹುಳಿಯ ಘಮ ಬರುತ್ತಿತ್ತು. ಸಾಹೇಬರು ಬರೆದರು. ಗುಮಾಸ್ತೆ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದಳು.

ಅಧ್ಯಕ್ಷರು ತಡೆದರು. "ಇರಮ್ಮ, ಇನ್ನೇನಾದರೂ ಬರೆಸೋದಿದ್ದರೆ ಊಟಕ್ಕೆ ಮುಂಚೆಯೇ ಬರೆಸಿಬಿಡೋಣ."