ಖಾಲಿ ಮಣೆಯ ಅಪ್ಪಣೆ

"ಮತ್ತೆ ಅಡ್ಡ ಬಂದೆಯಲ್ಲ, ಮಣೆಯಕ್ಕ. ಒಂದು ಸಂದು ಮುಚ್ಚಿ ಮುಗಿಸಲೂ ಬಿಡುವುದಿಲ್ಲ ನೀನು," ಎಂದಳು ಹೊಲಿಗೆ. ಅವಳು ತಾಯಿಯ ಎದೆಯಲ್ಲಿ ಜೀವಕೋಶಗಳ ನಡುವಿನ ಸಂದು ಬಿಗಿಯುವ ಪ್ರೋಟೀನು. ಮಣೆಯಕ್ಕ ಹಾರ್ಮೋನು ಬಂದು ಕೂರುವ ಗ್ರಾಹಕ; ಕೂತವರ ಮಾತನ್ನು ಜೀವಕೋಶಕ್ಕೆ ಸಾರುವುದು ಅವಳ ಕೆಲಸ.

"ಸಡಿಲಿಸು. ಬಸುರಿನ ಹಾರ್ಮೋನಿನ ಅಪ್ಪಣೆ. ಇಷ್ಟು ದಿನ ಕೇಳಿದವಳಿಗೆ ಇವತ್ತೇನು ಬಂತು?"

"ಇವತ್ತು ಕೂಸು ಹೊರಗೆ ಬಂದು ಅಳುತ್ತಿದೆ. ಸಂದು ಸಡಿಲವಿದ್ದರೆ ಹಾಲು ರಕ್ತಕ್ಕೆ ಸೋರುತ್ತದೆ. ಅದರ ಬಾಯಿಗೆ ಏನು ಹಾಕಲಿ, ನಿನ್ನ ಅಪ್ಪಣೆಯನ್ನೇ?"

"ದೊಡ್ಡವರ ಮಾತು ಮೀರುತ್ತೀಯಾ?"

"ಮೀರುವುದಿಲ್ಲ. ಕೂತವರನ್ನೇ ಕೇಳುತ್ತೇನೆ."

ಹೊಲಿಗೆ ಬಗ್ಗಿ ನೋಡಿದಳು. ಮಣೆಯ ಮೇಲೆ ಯಾರೂ ಇರಲಿಲ್ಲ. ಹೆರಿಗೆಯಾದ ಮೇಲೆ ಹಾರ್ಮೋನು ಎದ್ದು ಹೋಗಿತ್ತು, ಕೂತ ಬಿಸಿಯೂ ಆರಿತ್ತು.

ಅವಳು ಸಂದುಗಳನ್ನು ಒಂದೊಂದಾಗಿ ಎಳೆದು ಬಿಗಿದಳು. ಹೊರಗೆ ಕೂಸಿನ ಅಳು ನಿಂತು, ಹಾಲು ಗುಟುಕರಿಸುವ ಸದ್ದು ಕೇಳಿಸಿತು. ಆಮೇಲೆ ಹೊಲಿಗೆ ಮಣೆಯಕ್ಕನತ್ತ ತಿರುಗಿದಳು.

"ಅವರು ಎದ್ದುಹೋದ ಮೇಲೂ ಯಾರ ಅಪ್ಪಣೆಯನ್ನು ಸಾರುತ್ತಿದ್ದೆ, ಅಕ್ಕ?"